ಹೊಸ ಲ್ಯಾಪ್‌ಟಾಪ್‌ಗೆ ಯಾವ ಡಿಸ್ಕ್ ದುರಸ್ತಿ ತಂತ್ರಾಂಶ?

ಪ್ರಶ್ನೆ: ಏಳು ವರ್ಷ ಬಳಸಿದ ನನ್ನ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಕಳೆದ ತಿಂಗಳು ಕೈಕೊಟ್ಟಿತು. ವರ್ಷ ವರ್ಷವೂ ಹಣ ಕಟ್ಟಿ ನವೀಕರಿಸುತ್ತಿದ್ದ ನಿರ್ವಹಣಾ ತಂತ್ರಾಂಶ ಅದರಲ್ಲಿತ್ತು. ವಾರಕ್ಕೊಮ್ಮೆ ತಪ್ಪದೆ ಡಿಫ್ರಾಗ್ ಮಾಡುತ್ತಿದ್ದೆ, ರಿಜಿಸ್ಟ್ರಿಯನ್ನೂ ಶುಚಿಗೊಳಿಸುತ್ತಿದ್ದೆ. ಆದರೂ ಫೋಟೊಗಳೆಲ್ಲ ಹೋದವು. ಈಗ ವಿಂಡೋಸ್ 11 ಮತ್ತು 512 ಜಿಬಿ ಎಸ್‌ಎಸ್‌ಡಿ ಇರುವ ಹೊಸ ಲ್ಯಾಪ್‌ಟಾಪ್ ಕೊಂಡಿದ್ದೇನೆ. ದುರಸ್ತಿ, ನಿರ್ವಹಣೆ ಎರಡಕ್ಕೂ ಒದಗುವ ಯಾವ ತಂತ್ರಾಂಶವನ್ನು ಆರಿಸಿಕೊಳ್ಳಲಿ? ಅದನ್ನು ಹಳೆಯ ಡಿಸ್ಕಿನ ಮೇಲೂ ಓಡಿಸಿ ನೋಡಬಹುದೇ?

ಉತ್ತರ: ಹಣ ಕೊಟ್ಟು ಯಾವುದನ್ನೂ ಕೊಳ್ಳಬೇಡಿ. ಆ ಹಣದಲ್ಲಿ ಹೊರಗಿನಿಂದ ಜೋಡಿಸುವ ಒಂದು ಡಿಸ್ಕನ್ನು ತಂದಿಟ್ಟುಕೊಳ್ಳಿ. ಹೀಗೆ ಹೇಳುವುದಕ್ಕೆ ಕಾರಣ ನಿಮ್ಮ ಹೊಸ ಯಂತ್ರದ ಒಳಗೇ ಇದೆ.

ಹಳೆಯ ಹಾರ್ಡ್ ಡಿಸ್ಕಿನಲ್ಲಿ ನಿಮಿಷಕ್ಕೆ ಸಾಮಾನ್ಯವಾಗಿ 5400 ಸುತ್ತು ತಿರುಗುವ ತಟ್ಟೆಗಳೂ ಅವುಗಳ ಮೇಲೆ ಅತ್ತಿಂದಿತ್ತ ಓಡಾಡುತ್ತ ದತ್ತಾಂಶವನ್ನು ಓದಿ ಬರೆಯುವ ತಲೆಗಳೂ ಇರುತ್ತವೆ. ಒಂದೇ ಕಡತದ ತುಣುಕುಗಳು ಹತ್ತು ಕಡೆ ಚದುರಿದ್ದರೆ ತಲೆ ಹತ್ತು ಕಡೆಗೂ ಸರಿಯಬೇಕಾಗುತ್ತಿದ್ದುದರಿಂದ, ತುಣುಕುಗಳನ್ನು ಒಂದೆಡೆ ಸೇರಿಸುವ ಡಿಫ್ರಾಗ್‌ಗೆ ಆಗ ಅರ್ಥವಿತ್ತು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ದತ್ತಾಂಶ ಎಲ್ಲಿದ್ದರೂ ಅದನ್ನು ಓದಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಸಾಕು. ಮೇಲಾಗಿ, ದತ್ತಾಂಶವನ್ನು ಹಿಡಿದಿಡುವ ಸೂಕ್ಷ್ಮ ಕೋಶಗಳೆಲ್ಲ ಸಮನಾಗಿ ಸವೆಯಲೆಂದು ಅದರೊಳಗಿನ ನಿಯಂತ್ರಕ ಚಿಪ್ಪಾದ ಕಂಟ್ರೋಲರ್ ತನ್ನದೇ ಲೆಕ್ಕದಲ್ಲಿ ದತ್ತಾಂಶವನ್ನು ಹಂಚಿ ಇಡುತ್ತದೆಯಾದ್ದರಿಂದ, ಡಿಫ್ರಾಗ್ ತಂತ್ರಾಂಶ ಪರದೆಯ ಮೇಲೆ ತೋರಿಸುವ ಬಣ್ಣದ ಚೌಕಗಳಿಗೂ ಒಳಗಿನ ನಿಜವಾದ ಜೋಡಣೆಗೂ ಸಂಬಂಧವಿರುವುದಿಲ್ಲ. ಕೋಶಗಳನ್ನು ಅಳಿಸಿ ಬರೆಯಲು ಮಿತಿಯಿದೆ; ಅನಗತ್ಯ ಡಿಫ್ರಾಗ್ ಆ ಮಿತಿಯನ್ನಷ್ಟೇ ತಿನ್ನುತ್ತದೆ. ಎಸ್‌ಎಸ್‌ಡಿಗೆ ಬೇಕಾದದ್ದು ಟ್ರಿಮ್, ಅಂದರೆ ಯಾವ ಜಾಗ ಈಗ ಖಾಲಿಯಾಗಿದೆ ಎಂದು ಕಾರ್ಯಾಚರಣ ವ್ಯವಸ್ಥೆ ಡಿಸ್ಕಿಗೆ ತಿಳಿಸುವ ಸೂಚನೆ. ವಿಂಡೋಸ್‌ನ 'ಆಪ್ಟಿಮೈಸ್ ಡ್ರೈವ್ಸ್' ಸಾಧನವನ್ನು ನೀವು ಬದಲಿಸದಿದ್ದರೆ ಅದು ವಾರಕ್ಕೊಮ್ಮೆ ತಾನಾಗಿಯೇ ಈ ಕೆಲಸ ಮಾಡುತ್ತದೆ.

'ದುರಸ್ತಿ' ಎಂಬ ಪದವನ್ನು ಮಾರಾಟಗಾರರು ಸಡಿಲವಾಗಿ ಬಳಸುತ್ತಾರೆ. ಯಾವ ಕಡತ ಎಲ್ಲಿದೆ ಎಂದು ನೋಡಿಕೊಳ್ಳುವ ಕಡತ ವ್ಯವಸ್ಥೆಯ ಲೆಕ್ಕಪತ್ರ ತಪ್ಪಿದರೆ ಅದನ್ನು ತಂತ್ರಾಂಶ ಸರಿಪಡಿಸಬಲ್ಲದು. ವಿದ್ಯುತ್ ಹಠಾತ್ತನೆ ಹೋದಾಗ ಹೀಗಾಗುವುದುಂಟು. ಇದಕ್ಕೆ ವಿಂಡೋಸ್‌ನಲ್ಲೇ ಇರುವ ಚೆಕ್‌ಡಿಸ್ಕ್ ಸಾಕು: ಡ್ರೈವಿನ ಪ್ರಾಪರ್ಟೀಸ್ ತೆರೆದು ಟೂಲ್ಸ್ ವಿಭಾಗದಲ್ಲಿ ಚೆಕ್ ಒತ್ತಿದರೆ ಆಯಿತು. ಆದರೆ ಸವೆದ ಕೋಶವನ್ನಾಗಲಿ, ಗೀರುಬಿದ್ದ ತಟ್ಟೆಯನ್ನಾಗಲಿ ಯಾವ ತಂತ್ರಾಂಶವೂ ಮೊದಲಿನಂತೆ ಮಾಡಲಾರದು. ಹೆಚ್ಚೆಂದರೆ ಆ ಜಾಗವನ್ನು ಬಳಸದಂತೆ ಗುರುತು ಹಾಕೀತು. ನಿಮ್ಮ ಹಳೆಯ ತಂತ್ರಾಂಶ ಅಷ್ಟು ವರ್ಷ ನಿಷ್ಠೆಯಿಂದ ದುಡಿದೂ ಫೋಟೊಗಳನ್ನು ಉಳಿಸಲಾಗದೇ ಹೋದದ್ದು ಇದಕ್ಕೇ.

ರಿಜಿಸ್ಟ್ರಿ ಎಂದರೆ ವಿಂಡೋಸ್ ಮತ್ತು ತಂತ್ರಾಂಶಗಳ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡೆ; ಅದನ್ನು ಶುಚಿಗೊಳಿಸುವುದರಿಂದ ವೇಗ ಹೆಚ್ಚುವುದಿಲ್ಲ. ಮೈಕ್ರೋಸಾಫ್ಟ್ ಕೂಡ ಅಂಥ ತಂತ್ರಾಂಶಗಳನ್ನು ಬೆಂಬಲಿಸುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಇಂಥ ತಂತ್ರಾಂಶಗಳಿಗೆ ಯಂತ್ರದ ಮೇಲೆ ಪೂರ್ಣ ಅಧಿಕಾರ ಕೊಟ್ಟಿರುತ್ತೇವೆ. ಬಹು ಜನಪ್ರಿಯವಾಗಿದ್ದ ಸಿಕ್ಲೀನರ್‌ನ 5.33 ಆವೃತ್ತಿಯೊಳಕ್ಕೆ 2017ರಲ್ಲಿ ದಾಳಿಕೋರರು ದುರುದ್ದೇಶದ ಕೋಡ್ ಸೇರಿಸಿದ್ದರು. ಅದು ಅಧಿಕೃತ ಮಾರ್ಗದಿಂದಲೇ ಇಳಿದು ಸುಮಾರು 22.7 ಲಕ್ಷ ಬಳಕೆದಾರರನ್ನು ತಲುಪಿತ್ತು. ಜಾಗ ತೆರವು ಮಾಡುವುದಷ್ಟೇ ನಿಮ್ಮ ಉದ್ದೇಶವಾದರೆ ವಿಂಡೋಸ್‌ನ 'ಸ್ಟೋರೇಜ್ ಸೆನ್ಸ್' ಇದೆ.

ಬೇಕಾದರೆ ಒಂದೇ ಒಂದನ್ನು ಸೇರಿಸಿಕೊಳ್ಳಿ. ಉಚಿತವಾಗಿ ಸಿಗುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ, ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ವಿವರಗಳನ್ನು ಓದಿ ತೋರಿಸುತ್ತದೆ. ಅದರಲ್ಲಿ ಎಷ್ಟು ಬರೆಯಲಾಗಿದೆ, ಎಷ್ಟು ಶೇಕಡ ಆಯಸ್ಸು ಉಳಿದಿದೆ, ದೋಷಗಳ ಎಣಿಕೆ ಏರುತ್ತಿದೆಯೇ ಎಂಬುದನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು. ಎಲ್ಲವೂ 'ಚೆನ್ನಾಗಿದೆ' ಎಂದು ಕಂಡರೂ ಮೈಮರೆಯುವಂತಿಲ್ಲ. ಹಾರ್ಡ್ ಡಿಸ್ಕ್ ಹಲವೊಮ್ಮೆ ನರಳಿ, ಸದ್ದು ಮಾಡಿ ಸಾಯುತ್ತದೆ. ಎಸ್‌ಎಸ್‌ಡಿ ಮುನ್ಸೂಚನೆಯನ್ನೇ ಕೊಡದೆ ಒಂದು ಬೆಳಿಗ್ಗೆ ಕಾಣದಾಗಬಹುದು. ಟ್ರಿಮ್ ಆದ ಮೇಲೆ, ಅಳಿಸಿದ ಕಡತವನ್ನು ಮರಳಿ ತೆಗೆಯುವುದೂ ಬಹುತೇಕ ಅಸಾಧ್ಯ. ಹೊರಗಿನ ಡಿಸ್ಕ್ ತನ್ನಿ ಎಂದದ್ದು ಇದಕ್ಕಾಗಿ. ಅದನ್ನು ಜೋಡಿಸಿ, ಕಡತಗಳ ಪ್ರತಿಯನ್ನು ತಾನಾಗಿಯೇ ತೆಗೆದಿಡುವ ವಿಂಡೋಸ್‌ನ 'ಫೈಲ್ ಹಿಸ್ಟರಿ' ಚಾಲೂ ಮಾಡಿ. ಫೋಟೊಗಳ ಇನ್ನೊಂದು ಪ್ರತಿ ಕ್ಲೌಡ್‌ನಲ್ಲಿರಲಿ. ಹಾಗೆಯೇ ಹೊಸ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಸಲ ಡಿಸ್ಕ್ ಗೂಢಲಿಪೀಕರಣ (ಎನ್‌ಕ್ರಿಪ್ಷನ್) ತಾನಾಗಿಯೇ ಚಾಲೂ ಆಗಿರುತ್ತದೆ. ಅದರ 48 ಅಂಕಿಗಳ ರಿಕವರಿ ಕೀಲಿಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ ಕಾಗದದ ಮೇಲೆ ಬರೆದಿಡಿ. ಕೀಲಿ ಇಲ್ಲದಿದ್ದರೆ ಸುಸ್ಥಿತಿಯಲ್ಲಿರುವ ಡಿಸ್ಕೂ ಬೇರೆ ಯಂತ್ರದಲ್ಲಿ ತೆರೆಯದು.

ಇನ್ನು ಹಳೆಯ ಡಿಸ್ಕ್. ಅದರ ಮೇಲೆ ಯಾವ ದುರಸ್ತಿ ತಂತ್ರಾಂಶವನ್ನೂ ಓಡಿಸಬೇಡಿ, ಚೆಕ್‌ಡಿಸ್ಕನ್ನೂ ಬೇಡ. ಸಾಯುತ್ತಿರುವ ಡಿಸ್ಕಿನ ಪ್ರತಿ ಸೆಕ್ಟರನ್ನೂ, ಅಂದರೆ ಪ್ರತಿ ಸಣ್ಣ ತುಂಡನ್ನೂ ಓದಿಸುವುದು ಅದರ ಕೊನೆಯ ಉಸಿರನ್ನು ವ್ಯರ್ಥ ಮಾಡಿದಂತೆ. ಸರಿಪಡಿಸುವ ಹೆಸರಿನಲ್ಲಿ ಚೆಕ್‌ಡಿಸ್ಕ್ ಕಡತಗಳನ್ನು ತುಂಡರಿಸುವುದೂ ಉಂಟು. ಟಕಟಕ ಸದ್ದು ಬರುತ್ತಿದ್ದರೆ ವಿದ್ಯುತ್ ಕೊಡುವುದನ್ನೇ ನಿಲ್ಲಿಸಿ, ದತ್ತಾಂಶ ಮರಳಿ ತೆಗೆಯುವ ತಜ್ಞರಿಗೆ ಒಪ್ಪಿಸಿ. ಸದ್ದಿಲ್ಲದೆ ಡಿಸ್ಕ್ ಇನ್ನೂ ಗುರುತು ಸಿಗುವಂತಿದ್ದರೆ, ಲಿನಕ್ಸ್ ಬಲ್ಲ ಸ್ನೇಹಿತರ ನೆರವಿನಿಂದ ಡಿಡಿರೆಸ್ಕ್ಯೂ ಬಳಸಿ ಅದರ ಪೂರ್ಣ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆಸಿ. ಆ ಪ್ರತಿಯ ಮೇಲೆ ಉಚಿತ ತಂತ್ರಾಂಶವಾದ ಫೋಟೊರೆಕ್ ಓಡಿಸಿ ನೋಡಿ. ಕಡತಗಳ ಮೂಲ ಹೆಸರುಗಳು ಸಿಗಲಾರವು, ಚಿತ್ರಗಳು ಸಿಕ್ಕಾವು.