ಹೀಟ್ ಸಿಂಕ್ ಇದ್ದರೂ ಮೋಟರ್ ಏಕೆ ಕಾಯುತ್ತದೆ?

ಪ್ರಶ್ನೆ: ರಿಮೋಟ್ ಕಾರಿನ 540 ಗಾತ್ರದ ಬ್ರಷ್ ಮೋಟರ್‌ಗೆ (ತಿರುಗುವ ಸುರುಳಿಗೆ ಉಜ್ಜುವ ಬ್ರಷ್‌ಗಳಿಂದ ಕರೆಂಟ್ ಹೋಗುವ ಮೋಟರ್) ಅಲ್ಯೂಮಿನಿಯಂ ಹೀಟ್ ಸಿಂಕ್, ಅಂದರೆ ಶಾಖವನ್ನು ಗಾಳಿಗೆ ಬಿಡುವ ರೆಕ್ಕೆಗಳ ಕವಚ, ಹಾಕಿದ್ದೇನೆ. ಹತ್ತು ನಿಮಿಷ ಓಡಿಸಿದರೆ ಈಗಲೂ ಮುಟ್ಟಲಾಗುವುದಿಲ್ಲ. ಇನ್ನೂ ದೊಡ್ಡದು ಬೇಕೆ?

ಉತ್ತರ: ದೊಡ್ಡದು ಬೇಡ. ಈಗಿರುವುದು ಮೋಟರ್‌ನ ಮೈಗೆ ಸರಿಯಾಗಿ ಕೂತಿದೆಯೇ ಎಂದು ಮೊದಲು ನೋಡಿ. ಅಲ್ಯೂಮಿನಿಯಂ ಗಾಳಿಗಿಂತ ಸಾವಿರಾರು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಆದರೆ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಶಾಖ ಅಲ್ಲೇ ನಿಲ್ಲುತ್ತದೆ. 540 ಮೋಟರ್‌ನ ಹೊರವ್ಯಾಸ ಸುಮಾರು 36 ಮಿ.ಮೀ. ಸಿಂಕ್ ಅದನ್ನು ಬಿಗಿಯಾಗಿ ಅಪ್ಪಿಕೊಳ್ಳಬೇಕು. ಮೋಟರ್ ಮೇಲಿನ ಲೇಬಲ್ ಕಿತ್ತು, ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಥರ್ಮಲ್ ಪೇಸ್ಟ್ (ಸಂದು ತುಂಬಿ ಶಾಖ ದಾಟಿಸುವ ಲೇಪ) ತೆಳ್ಳಗೆ ಸವರಿ. ದಪ್ಪ ಬಳಿದರೆ ಪೇಸ್ಟೇ ಅಡ್ಡಿಯಾಗುತ್ತದೆ. ಮೋಟರ್‌ನ ಗಾಳಿಕಿಂಡಿಗಳನ್ನು ಸಿಂಕ್ ಮುಚ್ಚಬಾರದು. ಎಷ್ಟೋ ಜನ ಎಡವುವುದು ಇಲ್ಲೇ. ಕಾರಿನ ಬಾಡಿ ಮುಚ್ಚಿದ್ದರೆ ರೆಕ್ಕೆಗಳ ಉದ್ದಕ್ಕೂ ಗಾಳಿ ಹಾಯುವಂತೆ 30 ಮಿ.ಮೀ. ಫ್ಯಾನ್ ಕೂರಿಸಿ. ನಿಂತ ಗಾಳಿಯಲ್ಲಿ ಸಿಂಕ್ ತಾನೂ ಕಾದು ಸುಮ್ಮನಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಬ್ರಷ್ ಮೋಟರ್‌ಗೆ ಸಿಂಕ್ ಅರೆ ಪರಿಹಾರವೇ. ತಾಮ್ರದ ಸುರುಳಿ ಇರುವುದು ಒಳಗೆ ತಿರುಗುವ ಆರ್ಮೇಚರ್ ಮೇಲೆ. ಅಲ್ಲಿ ಹುಟ್ಟಿದ ಶಾಖ ಗಾಳಿಯ ಸಂದನ್ನೋ ಶಾಫ್ಟು, ಬೇರಿಂಗುಗಳನ್ನೋ ದಾಟಿ ಹೊರಮೈಗೆ ಬರಬೇಕು. ಕಾರು ನಿಲ್ಲಿಸಿದ ಮೇಲೂ ಮೋಟರ್ ಮೈ ಸ್ವಲ್ಪ ಹೊತ್ತು ಬಿಸಿಯೇರುವುದು ಇದಕ್ಕೇ. ಹಾಗಾಗಿ ಶಾಖ ಹುಟ್ಟುವುದನ್ನೇ ತಗ್ಗಿಸಿ. ಕರೆಂಟ್ ಎರಡು ಪಟ್ಟಾದರೆ ಸುರುಳಿಯ ಶಾಖ ನಾಲ್ಕು ಪಟ್ಟಾಗುತ್ತದೆ. ಮೇಲಾಗಿ ಬಿಸಿ 100 ಡಿಗ್ರಿ ಏರಿದರೆ ತಾಮ್ರದ ರೋಧ ಸುಮಾರು ಶೇ. 40 ಹೆಚ್ಚುತ್ತದೆ, ಅಂದರೆ ಬಿಸಿಯೇ ಬಿಸಿಯನ್ನು ಬೆಳೆಸುತ್ತದೆ. ಒಂದೆರಡು ಹಲ್ಲು ಕಡಿಮೆಯಿರುವ ಪಿನಿಯನ್ (ಮೋಟರ್ ಶಾಫ್ಟಿನ ಚಿಕ್ಕ ಗೇರು) ಹಾಕಿ. ವೇಗ ತುಸು ಇಳಿಯುತ್ತದೆ, ಮೋಟರ್ ಉಳಿಯುತ್ತದೆ. ಚಕ್ರ ಕೈಯಲ್ಲಿ ಸಲೀಸಾಗಿ ತಿರುಗದಿದ್ದರೆ ಗೇರುಗಳ ಬಿಗಿತವನ್ನೂ ಬೇರಿಂಗನ್ನೂ ನೋಡಿ.

ಪ್ರಶ್ನೆ: ಬ್ರಷ್‌ಲೆಸ್ ಮೋಟರ್‌ಗೂ ಇದೇ ಮಾತೇ?

ಉತ್ತರ: ಇನ್‌ರನ್ನರ್ (ಒಳಭಾಗ ತಿರುಗುವ ಬಗೆ) ಆದರೆ ಸಿಂಕ್ ನಿಜಕ್ಕೂ ಕೆಲಸ ಮಾಡುತ್ತದೆ, ಸುರುಳಿಗಳಿರುವ ತಿರುಗದ ಭಾಗ, ಅಂದರೆ ಸ್ಟೇಟರ್, ಹೊರಕವಚಕ್ಕೇ ತಾಗಿಕೊಂಡಿರುತ್ತದೆ. ಔಟ್‌ರನ್ನರ್‌ನಲ್ಲಿ ಹೊರಕವಚವೇ ತಿರುಗುವುದರಿಂದ ಸಿಂಕ್ ತೊಡಿಸಲು ಬರುವುದಿಲ್ಲ; ಮೋಟರನ್ನು ಪ್ಲಾಸ್ಟಿಕ್ ಬದಲು ದಪ್ಪ ಅಲ್ಯೂಮಿನಿಯಂ ತಟ್ಟೆಗೆ ಬಿಗಿದರೆ ಶಾಖ ಬುಡದಿಂದ ಇಳಿಯುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಕಪ್ಪು ಟೇಪ್ ಅಂಟಿಸಿ ಅಳೆಯಿರಿ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಕಾಂತಗಳು ಸುಮಾರು 80 ಡಿಗ್ರಿ ದಾಟಿದರೆ ಶಾಶ್ವತವಾಗಿ ಬಲ ಕಳೆದುಕೊಳ್ಳಬಹುದು. ಅಂಥ ಮೋಟರ್ ಭಾರವಿಲ್ಲದಾಗ ಮೊದಲಿಗಿಂತ ಜೋರಾಗಿ ತಿರುಗುತ್ತದೆ, ಭಾರ ಬಿದ್ದಾಗ ಹೆಚ್ಚು ಕರೆಂಟ್ ಎಳೆದು ಬೇಗ ಕಾಯುತ್ತದೆ. ಈ ಎರಡೂ ಒಟ್ಟಿಗೆ ಕಂಡರೆ ಸಿಂಕ್‌ಗೆ ಹಣ ಹಾಕಬೇಡಿ, ಮೋಟರನ್ನೇ ಬದಲಿಸಿ.