ತೋಟದ ದಾರಿಯ ಕೆಸರಿಗೆ ಎಷ್ಟು ಲೋಡ್ ಜಲ್ಲಿ ಬೇಕು?

ಹಳ್ಳದ ನೀರು ಹತ್ತಿ ಟ್ರ್ಯಾಕ್ಟರ್ ಹೂತುಹೋಗುವ ನೂರಡಿ ದಾರಿಗೆ ಎಷ್ಟು ಲೋಡ್ ಜಲ್ಲಿ ಎಂದು ಕೇಳಿದ್ದೀರಿ. ಸದ್ಯಕ್ಕೆ ಒಂದು ಲೋಡೂ ಬೇಡ.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಗದ್ದೆ ಬಯಲು ದಾಟಿಯೇ ಹೋಗಬೇಕು. 2019ರ ಬೇಸಿಗೆಯಲ್ಲಿ ಆ ದಾರಿಯನ್ನು ಎರಡಡಿ ಎತ್ತರಿಸಿದೆ. ದರೆ ಕಡಿದ ಕೆಂಪು ಮಣ್ಣು, ಮೇಲೆ ಜಲ್ಲಿ, ನೀರಿಗೆಂದು ಆರಿಂಚಿನ ಒಂದು ಪೈಪು. ‘ಒಂದು ಮಳೆಗಾಲ ನೀರಿನ ದಾರಿ ನೋಡಿಕೊಂಡು ಮಾಡು’ ಎಂದು ಅಪ್ಪ ಹೇಳಿದ್ದರು. ನಾನು ಕೇಳಲಿಲ್ಲ.

ದಾರಿ ಎಂದುಕೊಂಡು ಒಡ್ಡು ಕಟ್ಟಿಬಿಟ್ಟಿದ್ದೆ. ಒಂದು ಎಕರೆಗೆ 100 ಮಿಲಿಮೀಟರ್ ಮಳೆ ಬಿದ್ದರೆ ನಾಲ್ಕು ಲಕ್ಷ ಲೀಟರ್ ನೀರು. ನಮ್ಮ ಕಡೆ ಒಂದೇ ದಿನದಲ್ಲಿ ಅಷ್ಟು ಸುರಿಯುವುದು ಹೊಸದಲ್ಲ, ಮೇಲಿನ ಗುಡ್ಡ ಹತ್ತು ಎಕರೆಗೆ ಕಡಿಮೆಯಿಲ್ಲ. ಅಷ್ಟೂ ನೀರು ಆರಿಂಚಿನಲ್ಲಿ ನುಸುಳಬೇಕಿತ್ತು. ಎರಡಡಿಯ ಪೈಪಾಗಿದ್ದರೆ ಅದರ ಬಾಯಿ ಹದಿನಾರು ಪಟ್ಟು ದೊಡ್ಡದು. ನಾಲ್ಕೇ ಪಟ್ಟು ಎಂದು ಲೆಕ್ಕ ಹಾಕಿ ದುಡ್ಡು ಉಳಿಸಿದ್ದೆ. ಆಗಸ್ಟ್ ನೆರೆಯಲ್ಲಿ ಒಂದು ಅಡಿಕೆ ಹಾಳೆ ಪೈಪಿನ ಬಾಯಿಗೆ ಕಚ್ಚಿಕೊಂಡಿತು. ನೀರು ಕೆರೆಯಂತೆ ನಿಂತು, ದಾರಿ ಹತ್ತಿ ಹರಿದು, ಕೆಳಬದಿಯ ಅಂಚನ್ನು ಕೊರೆಯುತ್ತಾ ಬಂದು, ಬೆಳಗಾಗುವುದರೊಳಗೆ ಹದಿನೈದಡಿ ಕಿತ್ತು ಹಾಕಿತು. ಜಲ್ಲಿಯೆಲ್ಲ ಕೆಳಗಿನ ಗದ್ದೆಯವರ ಹೊಸ ನಟ್ಟಿಯ ಮೇಲೆ. ಎರಡು ಬೇಸಿಗೆ ಅವರ ಗದ್ದೆಯಲ್ಲಿ ಕಲ್ಲು ಹೆಕ್ಕಿದ್ದೇನೆ. ಹಣ ಹೋದದ್ದಕ್ಕಿಂತ ಅದೇ ಹೆಚ್ಚು ನೋಯಿಸಿದ್ದು.

ಆದ್ದರಿಂದ ಎತ್ತರಿಸಬೇಡಿ, ತಗ್ಗಿಸಿ. ನೀರು ದಾಟುವ ಕಡೆ ದಾರಿಯನ್ನು ಬಾಣಲೆಯ ಹಾಗೆ ಇಳಿಸಿ, ದಪ್ಪ ಕಾಡುಕಲ್ಲುಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಹಾಸಿರಿ. ಜಂಬಿಟ್ಟಿಗೆ ಚೂರು ಬೇಡ, ಚಕ್ರದಡಿ ಪುಡಿಯಾಗುತ್ತದೆ. ಅತಿ ದೊಡ್ಡ ಕಲ್ಲುಗಳು ಕೆಳಬದಿಯ ಅಂಚಿನಲ್ಲಿ ಆಳಕ್ಕೆ ಹೂತಿರಲಿ. ನೆರೆ ಬಂದಾಗ ಮೇಲೆಯೇ ಹರಿದು ಹೋಗಲಿ. ಅದು ಇಳಿಯುವವರೆಗೆ ಟ್ರ್ಯಾಕ್ಟರ್ ಮನೆಯಲ್ಲೇ ಇರಲಿ. ನಮ್ಮದು ಹೀಗೆ ಮಾಡಿದ ಮೇಲೆ ಕದಲಿಲ್ಲ.

ಉಳಿದ ಭಾಗಕ್ಕೆ ಗುಡ್ಡದ ಬದಿಯಲ್ಲಿ ಬಸಿಗಾಲುವೆ ಬೇಕು, ಹತ್ತಡಿ ಅಗಲದ ದಾರಿಯಾದರೆ ನಡುವೆ ಮೂರಿಂಚು ಉಬ್ಬು. ಕೆಸರನ್ನು ಗಟ್ಟಿ ನೆಲದವರೆಗೆ ಕೆರೆದು ತೆಗೆದ ಮೇಲಷ್ಟೇ ಜಲ್ಲಿಯ ಮಾತು. ಹಸಿ ಕೆಸರಿನ ಮೇಲೆ ಸುರಿದರೆ ಕಲ್ಲು ಇಳಿಯುತ್ತದೆ, ಕೆಸರು ಮೇಲೇಳುತ್ತದೆ.

ಈ ಆಷಾಢದಲ್ಲಿ ಒಂದು ಜೋರು ಮಳೆ ಹೊಯ್ದು ನಿಂತ ತಕ್ಷಣ ಹೋಗಿ, ನೀರು ಎಲ್ಲಿ ಹತ್ತಿ ಎಲ್ಲಿ ಇಳಿಯುತ್ತದೆಯೋ ಅಲ್ಲೆಲ್ಲ ಗೂಟ ಹೊಡೆಯಿರಿ. ಕೆಳಗಿನ ಗದ್ದೆಯವರನ್ನೂ ಜೊತೆಗೆ ಕರೆಯಿರಿ.