ಪೈಲಟ್ ಆಗಬೇಕೆನ್ನುವ ಮಗಳಿಗೆ ಪುಸ್ತಕ

ಗುಬ್ಬಿ ಹತ್ರ ಹೆಲಿಕಾಪ್ಟರ್ ಕಾರ್ಖಾನೆ ಬಂದಾಗಿನಿಂದ ಮಗಳಿಗೆ ಪೈಲಟ್ ಆಗೋ ಆಸೆ, ಯಾವ ಪುಸ್ತಕ ಕೊಡಿಸಲಿ ಅಂತ ಕೇಳಿದ್ದೀರಿ ಅಲ್ವಾ ಮೇಡಂ? ಮೊದಲು ಬೆರಿಲ್ ಮಾರ್ಕಮ್ ಅವರ ‘ವೆಸ್ಟ್ ವಿತ್ ದ ನೈಟ್’ ಕೊಡಿಸಿ. ಕೀನ್ಯಾದಲ್ಲಿ ಬೆಳೆದವರು. 1936ರಲ್ಲಿ ಇಂಗ್ಲೆಂಡಿನಿಂದ ಒಬ್ಬರೇ ಅಟ್ಲಾಂಟಿಕ್ ದಾಟಿದರು. ರಾತ್ರಿ ಹೊತ್ತು, ಕೆಳಗೆ ಸಮುದ್ರ, ಒಂದು ಟ್ಯಾಂಕ್ ಖಾಲಿಯಾಗಿ ಎಂಜಿನ್ ನಿಂತೇಬಿಡುತ್ತದೆ. ವಿಮಾನ ಇಳಿಯುತ್ತಿರುವಾಗಲೇ ಕತ್ತಲಲ್ಲಿ ಕೈಯಾಡಿಸಿ ಮುಂದಿನ ಟ್ಯಾಂಕಿನ ತಿರುಪು ಹುಡುಕುತ್ತಾರೆ. ಆ ಪುಟ ಓದುವಾಗ ನನಗೆ ಈಗಲೂ ಉಸಿರು ಕಟ್ಟುತ್ತದೆ.

ಆಮೇಲೆ ಫ್ರಾನ್ಸಿನ ಪೈಲಟ್ ಸೇಂಟ್ ಎಕ್ಸೂಪರಿಯ ‘ವಿಂಡ್, ಸ್ಯಾಂಡ್ ಅಂಡ್ ಸ್ಟಾರ್ಸ್’. ಮರುಭೂಮಿಯಲ್ಲಿ ವಿಮಾನ ಬಿದ್ದು, ನೀರಿಲ್ಲದೆ, ಪ್ಯಾರಾಚೂಟ್ ಹಾಸಿ ಇಬ್ಬನಿ ಹಿಡಿಯುವ ಭಾಗ ಮರೆಯೋಕಾಗಲ್ಲ. ಮೊದಲ ಅಧ್ಯಾಯಗಳು ಸ್ವಲ್ಪ ನಿಧಾನ, ಬಿಡಬೇಡಿ ಅಂತ ಹೇಳಿ.

ನಮ್ಮವರದ್ದು ಬೇಕಂದ್ರೆ ಕ್ಯಾಪ್ಟನ್ ಗೋಪಿನಾಥ್ ಅವರ ‘ಸಿಂಪ್ಲಿ ಫ್ಲೈ’. ರೇಷ್ಮೆ ಬೆಳೆಯುತ್ತಿದ್ದ ಗೊರೂರಿನವರು ಏರ್ ಡೆಕ್ಕನ್ ಅನ್ನೋ ವಿಮಾನ ಕಂಪನಿ ಕಟ್ಟಿದ ಕಥೆ. ಇದನ್ನು ನೀವೂ ಓದಿ.